ಹಳತಾಗದ ಜೀಪು: ಎತ್ತರದ ಬಾನೆಟ್ಟಿನ ಹಿಂದಿನ ಕಥೆ

ಕೊಡಗಿನ ರಸ್ತೆಗಳಲ್ಲಿ ಅಂಬಾಸಿಡರ್ ಓಡಿದೆ, ಪದ್ಮಿನಿ ಓಡಿದೆ, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಓಡಿದೆ. ಇವತ್ತಿಗೂ ತೋಟದ ಕೆಲಸ ಮಾಡುತ್ತಲೇ ಕಣ್ಣಿಗೆ ಚೆಂದ ಕಾಣುವ ಹಳೆಯ ಗಾಡಿ ಯಾವುದೆಂದರೆ ಜೀಪು. ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ಕಾಫಿ ಚೀಲ, ಗೊಬ್ಬರ, ಆಳುಗಳನ್ನು ಹೊತ್ತು ಓಡಾಡುವ ಈ ಗಾಡಿಯನ್ನು ಚೆಂದ ಕಾಣಲಿ ಎಂದು ಯಾರೂ ರೂಪಿಸಲಿಲ್ಲ. ಅದು ಇನ್ನೂ ಹಳತಾಗದಿರುವುದಕ್ಕೆ ಕಾರಣವೂ ಅದೇ.

1940ರ ಜುಲೈನಲ್ಲಿ ಅಮೆರಿಕದ ಸೇನೆ ಒಂದು ಹಗುರ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಮೊದಲ ಮಾದರಿ ಒಪ್ಪಿಸಲು ಕೊಟ್ಟ ಗಡುವು 49 ದಿನ. ತೂಕ 590 ಕಿಲೊ ದಾಟಬಾರದು ಎಂಬ ಷರತ್ತು ಬೇರೆ. ಅಷ್ಟು ಹಗುರವಾಗಿ ಮಾಡುವುದು ಯಾರಿಂದಲೂ ಆಗಲಿಲ್ಲ, ಆದರೆ ಆ ಷರತ್ತಿನಿಂದಾಗಿ ಅನಗತ್ಯವಾದುದೆಲ್ಲ ಕಳಚಿಹೋಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ನಕ್ಷೆ ಬರೆದರು, ಗಡುವಿನೊಳಗೆ ಗಾಡಿ ತಂದು ನಿಲ್ಲಿಸಿದ್ದು ಆ ಕಂಪನಿ ಒಂದೇ. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಲಕ್ಷಗಟ್ಟಲೆ ಜೀಪುಗಳನ್ನು ತಯಾರಿಸಿದವು.

ಅದರ ಒಂದೊಂದು ಗೆರೆಗೂ ಒಂದೊಂದು ಕೆಲಸವಿದೆ. ಚಪ್ಪಟೆ ಮಡ್‌ಗಾರ್ಡ್ ಅಚ್ಚೊತ್ತಲು ಸುಲಭ. ಮುಂಗಾಜು ಬಾನೆಟ್ಟಿನ ಮೇಲೆ ಮಡಚಿಕೊಳ್ಳುತ್ತದೆ, ಹಡಗಿನಲ್ಲಿ ಸಾಗಿಸುವಾಗ ಎತ್ತರ ಕಡಿಮೆಯಾಗುತ್ತದೆ. ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ, ಕತ್ತಲಲ್ಲಿ ರಿಪೇರಿ ಮಾಡಬಹುದು. ಮೊದಲು ಗ್ರಿಲ್ ಎಂದರೆ ಬೆಸುಗೆ ಹಾಕಿದ ಕಬ್ಬಿಣದ ಪಟ್ಟಿಗಳು. ಒಂದೇ ಶೀಟಿನಿಂದ ಒತ್ತಿದ ಒಂಬತ್ತು ಸೀಳಿನ ಗ್ರಿಲ್ ತಂದದ್ದು ಫೋರ್ಡ್. 1945ರಲ್ಲಿ ಬಂದ ನಾಗರಿಕ ಮಾದರಿ ಸಿಜೆ-2ಎಗೆ ದೊಡ್ಡ ಹೆಡ್‌ಲೈಟ್ ಕೂರಿಸಿದಾಗ ಏಳು ಸೀಳು ಉಳಿಯಿತು. ಈಗ ಆ ಏಳು ಸೀಳೇ ಜೀಪಿನ ಗುರುತು.

ಭಾರತದಲ್ಲಿ ಮಹೀಂದ್ರ 1947ರಿಂದ ವಿಲ್ಲೀಸ್ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿತು. ನಮ್ಮ ತೋಟಗಳಲ್ಲಿ ಹೆಚ್ಚು ನೆನಪಿರುವ ಎತ್ತರ ಬಾನೆಟ್ಟಿನ ಜೀಪು ಎಂದರೆ 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ. ಆ ಎತ್ತರಕ್ಕೂ ಕಾರಣ ಎಂಜಿನ್ನೇ. ಹೊಸ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್‌ಗಳು ಎಂಜಿನ್ನಿನ ಮೇಲುಭಾಗವಾದ ಹೆಡ್ಡಿನಲ್ಲಿದ್ದವು, ಹಳೆಯ ಬಾನೆಟ್ಟಿನ ಕೆಳಗೆ ಅದು ಹಿಡಿಯಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. ಅಲ್ಲಿನವರಿಗೆ ಇದು ಕುರೂಪವಾಗಿ ಕಂಡಿತು, 1968ಕ್ಕೆ ಅಲ್ಲಿ ಉತ್ಪಾದನೆ ನಿಂತಿತು. ಇಲ್ಲಿ ಅದರ ಸಂತತಿ ದಶಕಗಟ್ಟಲೆ ಮುಂದುವರಿಯಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಂದರೆ ವೀಲ್‌ಬೇಸ್, 80 ಇಂಚಿನಿಂದ 91 ಇಂಚಿಗೆ ಹಿಗ್ಗಿ, ಪೂಜೊ ಡೀಸೆಲ್ ಎಂಜಿನ್ ಸೇರಿ ಎಂಎಂ 540 ಆಯಿತು. 2010ರ ಥಾರ್ ಕೂಡ ಅದೇ ಮುಖ ಹೊತ್ತು ಬಂತು.

ಆಕಾರದ ಬೆಲೆ ಎಷ್ಟೆಂದು ತಿಳಿದದ್ದು ಕಾನೂನು ಜಗಳದಲ್ಲಿ. ಮಹೀಂದ್ರ ಅಮೆರಿಕದಲ್ಲಿ ರಾಕ್ಸರ್ ಎಂಬ ಜೀಪು ರೂಪದ ಗಾಡಿ ಮಾರಲು ಹೊರಟಾಗ, 2018ರಲ್ಲಿ, ಜೀಪ್ ಹೆಸರಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ದೂರಿನಲ್ಲಿ ಪಟ್ಟಿ ಮಾಡಿದ್ದ ಲಕ್ಷಣಗಳನ್ನು ಓದಿದರೆ ಈ ರೂಪ ಯಾಕೆ ನಿಂತಿತೆಂದು ಗೊತ್ತಾಗುತ್ತದೆ: ನೆಟ್ಟಗಿನ ಚಪ್ಪಟೆ ಬದಿಗಳು, ಬಾನೆಟ್ಟಿನಷ್ಟೇ ಎತ್ತರಕ್ಕೆ ಮುಗಿಯುವ ಹಿಂಬದಿ, ಮುಂದಕ್ಕೆ ಹೋಗುತ್ತ ಕಿರಿದಾಗುವ ಬಾನೆಟ್, ಹೊರಗೇ ಇರುವ ಕೊಂಡಿಗಳು, ಗ್ರಿಲ್‌ಗಿಂತ ಮುಂದೆ ಚಾಚಿದ ಮಡ್‌ಗಾರ್ಡ್. 2020ರ ಜೂನ್‌ನಲ್ಲಿ ಆಯೋಗ ರಾಕ್ಸರ್ ವಿರುದ್ಧ ತೀರ್ಪಿತ್ತಿತು. ಮುಖ ಬದಲಿಸಿದ ರಾಕ್ಸರ್‌ಗೆ ಅದೇ ವರ್ಷದ ಕೊನೆಗೆ ಒಪ್ಪಿಗೆ ಸಿಕ್ಕಿತು.

ಹಳೆಯ ಕಾರುಗಳಲ್ಲಿ ಹೆರಾಲ್ಡಿನ ಅಂದಕ್ಕೆ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯ ಕೈಚಳಕ ಕಾರಣ. ಅದು ಬೇಕೆಂದೇ ಮಾಡಿದ ಚೆಲುವು, ಅದಕ್ಕೂ ಗೌರವ ಸಲ್ಲಬೇಕು. ಆದರೆ ಕೊಡಗಿನ ಕೆಸರಿಗೆ ಉತ್ತರವಾಗಿ ಹುಟ್ಟಿದಂತಿರುವುದು ಜೀಪಿನ ರೂಪ ಮಾತ್ರ.

ಆ ರೂಪ ಕೆಡುವುದು ಹೆಚ್ಚಾಗಿ ಚಕ್ರದಿಂದ. ಮೂಲದಲ್ಲಿ ಬಂದದ್ದು 6.00-16 ಅಳತೆಯ ಕಿರಿದಾದ ಟೈರು. ಅದು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. 31 ಇಂಚಿನ ಅಗಲ ಟೈರು, ಹೊರಚಾಚಿದ ರಿಮ್ ಹಾಕಿದರೆ ಮಡ್‌ಗಾರ್ಡಿನ ಗೆರೆ ಸಣ್ಣದಾಗಿ ಕಾಣುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಪ್ಲೇಟ್ ಸ್ಪ್ರಿಂಗಿಗೆ ಉಜ್ಜಲೂಬಹುದು. ಮುಂದಿನ ಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್ನಿನ ಬೇರಿಂಗ್ ಮೇಲೆ ಭಾರ ಹೆಚ್ಚಿ ಬೇಗ ಸವೆಯುತ್ತದೆ, ಆಮೇಲೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ಒದರುತ್ತದೆ. ಆಗ ಬರೀ ಟೋ-ಇನ್ (ಮುಂದಿನ ಚಕ್ರಗಳ ಒಳವಾಲು) ಸರಿಪಡಿಸಿ ಪ್ರಯೋಜನವಿಲ್ಲ, ಮೊದಲು ಕಿಂಗ್‌ಪಿನ್ನಿನ ಬಿಗಿ ಹೊಂದಿಸುವ ತೆಳು ತಗಡು, ಅಂದರೆ ಶಿಮ್, ನೋಡಬೇಕು.

ಇನ್ನೊಂದು ಶತ್ರು ತುಕ್ಕು. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ನೆಲದ ಶೀಟಿನ ಕೆಳಗಿನ ಅಡ್ಡ ಚಾನೆಲ್ಲುಗಳಲ್ಲಿ ಕೆಂಪುಮಣ್ಣು ಗಟ್ಟಿಯಾಗಿ ಕೂತು ಡಿಸೆಂಬರ್‌ವರೆಗೂ ತೇವ ಹಿಡಿದಿಡುತ್ತದೆ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಹಿಂಬದಿಯಲ್ಲಿ ಚೆಲ್ಲಿದ್ದರೆ ಅಲ್ಲಿಂದಲೇ ಶುರು: ಅದರಲ್ಲಿರುವ ಕ್ಲೋರೈಡ್ ಬಣ್ಣದ ಸಣ್ಣ ಬಿರುಕಿನೊಳಗೆ ಇಳಿದು ಕಬ್ಬಿಣ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ನೀರು ಹಾಯಿಸಿ ತೊಳೆಯಬೇಕು, ನೆಲದ ತೂತುಗಳಲ್ಲಿ ಕಸ ಕಟ್ಟದಂತೆ ನೋಡಬೇಕು.

ಹಳೆಯ ಜೀಪು ಕೊಳ್ಳುವವರು ಬಣ್ಣ ನೋಡಬೇಡಿ. ಬಾನೆಟ್ ಮುಚ್ಚಿ, ಅದು ಮುಂಗಾಜಿನ ಕೆಳಗಿನ ಶೀಟಿಗೆ ಸೇರುವ ಸಂದನ್ನು ಎಡದಿಂದ ಬಲಕ್ಕೆ ಬೆರಳಾಡಿಸಿ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಂತರವಿದ್ದರೆ ಬಾಡಿಯನ್ನು ಚಾಸಿಗೆ ಕೂರಿಸುವ ರಬ್ಬರ್ ಪ್ಯಾಡುಗಳು ಕುಸಿದಿವೆ, ಇಲ್ಲವೇ ಚಾಸಿಯೇ ತಿರುಚಿದೆ. ಪ್ಯಾಡು ಬದಲಿಸಿದರೆ ಮುಗಿಯುವ ಕೆಲಸವೋ ಎಂದು ತಿಳಿಯಲು ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಚಾಸಿಯ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ನಾಲ್ಕೂ ಮೂಲೆಯ ಎತ್ತರವನ್ನೂ ನೋಡಿ, ಎಡಬಲ ಸಮವಿದ್ದರೆ ಪ್ಯಾಡು ಸಾಕು.

ಟಿಂಕರಿಂಗ್ ಮಾಡಿಸುವಾಗ ಬದಿಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಶೀಟು ಕೇಳಿ. ಅದಕ್ಕಿಂತ ತೆಳುವಾದ 22 ಗೇಜ್ ಅಗ್ಗ, ಆದರೆ ತೋಟದ ದಾರಿಯಲ್ಲಿ ಡಬಡಬ ಬಡಿದುಕೊಂಡು ಬೆಸುಗೆಯ ಅಂಚಿನಲ್ಲಿ ಸೀಳುತ್ತದೆ. ಉದ್ದಕ್ಕೆ ಒಂದೇ ಸಮನೆ ವೆಲ್ಡ್ ಎಳೆದರೆ ಕಾವಿಗೆ ಚಪ್ಪಟೆ ಬದಿ ಅಲೆಯಂತೆ ಏಳುತ್ತದೆ. ಈ ಗಾಡಿಯ ಅಂದವೆಲ್ಲ ಇರುವುದು ಆ ಚಪ್ಪಟೆಯಲ್ಲೇ. ಒಂದೊಂದು ಇಂಚು ಬಿಟ್ಟು ಬಿಟ್ಟು, ಜಾಗ ಬದಲಿಸುತ್ತ, ಆರಲು ಬಿಟ್ಟು ಬೆಸೆಯಬೇಕು. ಪುಟ್ಟಿ 2 ಮಿ.ಮೀ. ದಾಟಬಾರದು. ದಪ್ಪ ಪುಟ್ಟಿ ಬಿರುಕು ಬಿಟ್ಟು ಹಿಂದೆ ನೀರು ಹಿಡಿಯುತ್ತದೆ. ರೆಡ್ ಆಕ್ಸೈಡ್ ಒಂದೇ ಸಾಲದು, ಬರಿ ಕಬ್ಬಿಣಕ್ಕೆ ಮೊದಲು ಎಪಾಕ್ಸಿ ಪ್ರೈಮರ್ ಹೊಡೆಸಿ.

ಕಾಗದಪತ್ರದ ಮಾತೂ ಇದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ಸಂಖ್ಯೆಯಲ್ಲಿ ವಿಎ ಅಕ್ಷರವಿರುತ್ತದೆ, 10 ವರ್ಷಕ್ಕೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ತೋಟದ ಜೀಪುಗಳು ತೊಡಕಿಗೆ ಸಿಕ್ಕುವುದು ಇಲ್ಲೇ. ಪೆಟ್ರೋಲ್ ಖರ್ಚು ತಾಳದೆ ಹರಿಕೇನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಗಾಡಿಗಳಿಗೆ ಈ ದಾರಿ ಮುಚ್ಚಿದಂತೆ. ಹಳೆಯ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಅದರ ನಂಬರು ಆರ್‌ಸಿಯಲ್ಲಿನ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ. ವಿಂಟೇಜ್ ಗಾಡಿಗೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಲು ಅವಕಾಶ. ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸಿ ಬಾಡಿಗೆಗೆ ಓಡಿಸುವ ಜೀಪಿಗೆ ಮಾಮೂಲಿ ಎಫ್‌ಸಿಯೇ ಬೇಕು.