ತೆಂಗಿನಕಾಯಿ ಸಿಡಿದರೆ ತೋಟಾ ಜೋರು ಎಂದೇ?

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುವ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಎಲ್ಲಿಲ್ಲದ ಉತ್ಸಾಹ. ಹೆಂಗಸರು, ಹುಡುಗರು, ವಯಸ್ಸಾದವರು ಎಲ್ಲರೂ ಸರದಿ ನಿಲ್ಲುತ್ತಾರೆ. ಕಾಯಿ ಒಡೆದು ನೀರು ಚಿಮ್ಮಿದರೆ ಚಪ್ಪಾಳೆ. ‘ಈ ತೋಟಾ ಬಲು ಜೋರು’ ಎಂಬ ಮಾತೂ ಜೊತೆಗೇ ಬರುತ್ತದೆ. ಹೊಡೆದವರ ಗುರಿಯನ್ನು ಅಳೆಯಲು ಕಾಯಿಗಿಂತ ಒಳ್ಳೆಯದು ಬೇಕಿಲ್ಲ. ಆದರೆ ತೋಟಾದ ಬಗ್ಗೆ ಅದು ಹೇಳುವ ಸಾಕ್ಷಿಯನ್ನು ನಂಬುವಂತಿಲ್ಲ.

ಪಾಯಿಂಟ್ 22 ರೈಫಲ್ಲಿನ ಗುಂಡಿನ ತೂಕ ಸುಮಾರು 2.6 ಗ್ರಾಂ. ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 330 ಮೀಟರ್ ಇದ್ದರೆ, ಅದರ ಚಲನಶಕ್ತಿ 140 ಜೂಲ್ ಆಸುಪಾಸು. ವೇಗದ ಬೌಲರ್ ಎಸೆದ ಕ್ರಿಕೆಟ್ ಚೆಂಡಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ಚೆಂಡು ಮೈಗೆ ಬಡಿದರೆ ಬಾವು, ಗುಂಡು ಬಡಿದರೆ ಪ್ರಾಣಕ್ಕೇ ಸಂಚಕಾರ. ಶಕ್ತಿ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟು ಸಣ್ಣ ಜಾಗದಲ್ಲಿ, ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದೇ ಮುಖ್ಯ.

ಕಾಯಿ ಸಿಡಿಯುವುದರಲ್ಲಿ ನೀರಿನ ಪಾಲೂ ಇದೆ. ಖಾಲಿ ಡಬ್ಬಕ್ಕೆ ಹೊಡೆದರೆ ಎರಡು ತೂತು ಬೀಳುತ್ತದೆ, ಅಷ್ಟೇ. ಅದೇ ಡಬ್ಬದ ತುಂಬ ನೀರಿದ್ದರೆ ಬಿರಿದುಹೋಗುತ್ತದೆ. ನೀರನ್ನು ಅದುಮಿ ಕುಗ್ಗಿಸಲಾಗುವುದಿಲ್ಲ. ಗುಂಡು ಪಕ್ಕಕ್ಕೆ ತಳ್ಳಿದ ನೀರು ನಾಲ್ಕೂ ಕಡೆಯ ಗೋಡೆಯನ್ನು ಒತ್ತುತ್ತದೆ. ಚಿಪ್ಪು ಗಡುಸು, ಹಿಗ್ಗುವುದಿಲ್ಲ, ಹಾಗಾಗಿ ಒಡೆಯುತ್ತದೆ. ಅರ್ಧ ನೀರು ಆರಿದ ಬಲಿತ ಕಾಯಿಯೂ ತುಂಬಿದ ಕಾಯಿಯೂ ಒಂದೇ ತೋಟಾಕ್ಕೆ ಒಂದೇ ಥರ ಒಡೆಯಬೇಕೆಂದೇನಿಲ್ಲ.

ಮಾಂಸಖಂಡ ಹಾಗಲ್ಲ. ಗುಂಡು ಹಾದುಹೋದ ಹಿಂದೆಯೇ ಅದು ಕ್ಷಣಮಾತ್ರ ಅಗಲವಾಗಿ ಹಿಗ್ಗಿ, ಮತ್ತೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ಜೇಡಿಮಣ್ಣಿನ ಮುದ್ದೆಗೆ ಹೊಡೆದರೆ ದೊಡ್ಡ ಗವಿಯೇ ಬೀಳುವುದನ್ನು ನೋಡಿ ಬೆರಗಾಗುತ್ತೇವೆ. ಮಣ್ಣು ಹಿಗ್ಗಿದ ಮೇಲೆ ವಾಪಸ್ ಬರುವುದಿಲ್ಲ, ಕ್ಷಣದ ಹಿಗ್ಗುವಿಕೆಯನ್ನೇ ಕಾಯಂ ಗಾಯದಂತೆ ತೋರಿಸುತ್ತದೆ. ನೆನೆಸಿದ ಪತ್ರಿಕೆಗಳ ಕಟ್ಟು, ಸಾಲಾಗಿ ಇಟ್ಟ ನೀರಿನ ಕ್ಯಾನು ಇವೂ ಮನೆಮಟ್ಟದ ಗುರಿಗಳೇ. ಪರೀಕ್ಷೆಗಳಲ್ಲಿ ಮಾಂಸಖಂಡದ ಬದಲಿಗೆ ಇಡುವ ಜೆಲಾಟಿನ್ ಎಂಬ ಪಾರದರ್ಶಕ ಮುದ್ದೆಗಿಂತ ನೀರಿನಲ್ಲಿ ಗುಂಡು ಹೆಚ್ಚು ದೂರ ಸಾಗುತ್ತದೆ. ಕಾಗದದ ಕಟ್ಟಿನಲ್ಲಿ ಎಷ್ಟು ನೆನೆದಿದೆ, ಎಷ್ಟು ಬಿಗಿಯಾಗಿ ಕಟ್ಟಿದೆ ಎನ್ನುವುದರ ಮೇಲೆ ಲೆಕ್ಕವೇ ಬದಲಾಗುತ್ತದೆ. ಎರಡು ತೋಟಾಗಳನ್ನು ಒಂದೇ ದಿನ, ಒಂದೇ ಕಟ್ಟಿನಲ್ಲಿ ಹೋಲಿಸಿದರೆ ಒಂದಿಷ್ಟು ತಿಳಿದೀತು. ಮೈಗೆ ತಾಗಿದರೆ ಇಷ್ಟೇ ಇಂಚು ಎಂದು ಹೇಳಲಾಗದು. ಕಾಫಿ ಗಿಡಗಳ ನಡುವೆ ಕೆಲಸದವರು ಓಡಾಡುವ ನಮ್ಮ ತೋಟಗಳಲ್ಲಂತೂ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದೆ ಇಂಥ ಪ್ರಯೋಗಕ್ಕೆ ಕೈಹಾಕಲೇಬಾರದು.

ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಖರ್, ಥೈರಾಯ್ಡ್ ಕುರಿತ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದವರು, ಅದಕ್ಕೂ ಮೊದಲೇ ಗುಂಡಿನ ಗಾಯ ಅರಿಯಲು ಸೋಪು, ಜೆಲಾಟಿನ್ ಬಳಸಿದ್ದರು. 1980ರ ದಶಕದಲ್ಲಿ ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಶೇ 10ರ ಜೆಲಾಟಿನ್ ಅನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಹಂದಿಯ ಮಾಂಸಖಂಡದೊಡನೆ ತಾಳೆ ನೋಡಿದರು. ಪರೀಕ್ಷೆಗೆ ಮುಂಚೆ ಜೆಲಾಟಿನ್‌ಗೇ ಒಂದು ಪರೀಕ್ಷೆ: 4.5 ಮಿ.ಮೀ. ಉಕ್ಕಿನ ಚರೆಯನ್ನು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊಡೆದರೆ ಅದು 8.5 ಸೆಂ.ಮೀ. ಆಸುಪಾಸಿನಲ್ಲಿ ನಿಲ್ಲಬೇಕು. ಇಷ್ಟು ಶಿಸ್ತು ಇರುವುದರಿಂದಲೇ ಒಂದೂರಿನ ಫಲಿತಾಂಶವನ್ನು ಇನ್ನೊಂದೂರಿನದರ ಪಕ್ಕ ಇಡಬಹುದು.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಸತ್ತರು. ದರೋಡೆಕೋರನೊಬ್ಬನ ತೋಳು ದಾಟಿ ಎದೆ ಹೊಕ್ಕ ಗುಂಡು ಹೃದಯ ಮುಟ್ಟುವ ಮೊದಲೇ ನಿಂತಿತ್ತು, ಅವನು ಹೋರಾಡುತ್ತಲೇ ಇದ್ದ. ಆಮೇಲೆ ಗುಂಡು ಜೆಲಾಟಿನ್‌ನಲ್ಲಿ 12ರಿಂದ 18 ಇಂಚು ಆಳಕ್ಕೆ ಇಳಿಯಬೇಕು ಎಂಬ ಅಳತೆ ಬಂತು. ಜೆಲಾಟಿನ್ ಮುಂದೆ ದಪ್ಪ ಬಟ್ಟೆ ಇಟ್ಟು ಹೊಡೆಯುವ ಪದ್ಧತಿಯೂ ಬೆಳೆಯಿತು, ನಾಲ್ಕು ಪದರ ಡೆನಿಮ್ ಅದರಲ್ಲೊಂದು. ತುದಿಯಲ್ಲಿ ಕುಳಿಯಿರುವ ಗುಂಡು ಅರಳುವುದು ಆ ಕುಳಿಗೆ ನೀರಿನಂಶ ನುಗ್ಗಿ ಒತ್ತಿದಾಗ. ಕುಳಿಯಲ್ಲಿ ಬಟ್ಟೆ ತುರುಕಿಕೊಂಡರೆ, ನೀರಿನ ಕ್ಯಾನಿನಲ್ಲಿ ಚೆನ್ನಾಗಿ ಅರಳಿದ ಗುಂಡೇ ಇಲ್ಲಿ ಅರಳದೆ ನೇರವಾಗಿ ತೂರಿಹೋಗಬಹುದು.