ಕಂಟ್ರೋಲ್ ಜೊತೆಗೆ ‘ಸಿ’ಯೋ ‘ಮ’ವೋ: ಕೀಲಿಮಣೆಯ ಶಾರ್ಟ್‌ಕಟ್‌ಗಳು ನಡೆದುಬಂದ ದಾರಿ

ಭಾರತ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವವರು ಒಂದು ಸಾಲನ್ನು ನಕಲು ಮಾಡಲೆಂದು ಕಂಟ್ರೋಲ್ ಹಿಡಿದು ‘ಸಿ’ ಒತ್ತುವಾಗ ಬೆರಳು ಬೀಳುವುದು ‘ಮ’ ಅಕ್ಷರದ ಮೇಲೆ. ಅಂಟಿಸಲು ಬೇಕಾದ ‘ವಿ’ ಕೀಲಿಯಲ್ಲಿ ಆಗ ‘ನ’ ಇರುತ್ತದೆ; ಕತ್ತರಿಸುವ ‘ಎಕ್ಸ್’ ಕೀಲಿಯಲ್ಲಿ ಸೊನ್ನೆ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ‘ಝಡ್’ ಕೀಲಿಯಲ್ಲಿ ಎತ್ವ. ಕಂಟ್ರೋಲ್ ಜೊತೆಗೆ ‘ಮ’ ಬಂದರೆ ಕಂಪ್ಯೂಟರು ಅದನ್ನು ಏನೆಂದು ತಿಳಿಯಬೇಕು ಎಂಬ ಪ್ರಶ್ನೆಗೆ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಬೇರೆ ಬೇರೆ ಉತ್ತರಗಳನ್ನು ಕೊಟ್ಟುಕೊಂಡಿವೆ. ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಏಕೆಂದರೆ ಅವರ ಪಾಲಿಗೆ ಕೀಲಿ ಇರುವ ಜಾಗ, ಅದು ಮೂಡಿಸುವ ಅಕ್ಷರ, ಶಾರ್ಟ್‌ಕಟ್ಟಿನ ಹೆಸರು ಮೂರೂ ಒಂದೇ ಆಗಿರುತ್ತವೆ. ಅವು ಮೂರು ಬೇರೆ ಸಂಗತಿಗಳು ಎಂಬುದು ಕನ್ನಡ ಬರೆಯಲು ಕುಳಿತವರಿಗೆ ಬೇಗನೆ ಗೊತ್ತಾಗುತ್ತದೆ.

ಬೆರಳಚ್ಚು ಯಂತ್ರದ ಕಾಲದಲ್ಲಿ ಇವುಗಳ ನಡುವೆ ಅಂತರವಿರಲಿಲ್ಲ. ಕೀಲಿಯನ್ನು ಒತ್ತಿದರೆ ಅದಕ್ಕೆ ಜೋಡಿಸಿದ ಲೋಹದ ಕಡ್ಡಿ ಎದ್ದು ಕಾಗದಕ್ಕೆ ಹೊಡೆಯುತ್ತಿತ್ತು, ಅಷ್ಟೆ. ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಾಗ ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂತು. ಹೆಸರೇ ಹೇಳುವಂತೆ ಆ ಕೀಲಿ ಯಂತ್ರದ ಒಂದು ಭಾಗವನ್ನೇ ಸರಿಸಿ, ಅದೇ ಕಡ್ಡಿಯ ಮೇಲಿನ ಇನ್ನೊಂದು ಅಚ್ಚು ಬೀಳುವಂತೆ ಮಾಡುತ್ತಿತ್ತು. ಕನ್ನಡಕ್ಕೆ ಅನಂತ ಸುಬ್ಬರಾಯರು ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ಹೊಂದಿಸುವಾಗ ಇದ್ದ ಕಷ್ಟವೂ ಇಲ್ಲಿಯದೇ. ಕಾಗುಣಿತ, ಒತ್ತಕ್ಷರಗಳೆಲ್ಲ ಸೀಮಿತ ಸಂಖ್ಯೆಯ ಕೀಲಿಗಳಲ್ಲಿ ಹಿಡಿಯಬೇಕಾದರೆ ಅಕ್ಷರಗಳನ್ನು ಭಾಗಭಾಗವಾಗಿ ಬಿಡಿಸಿಡದೆ ಬೇರೆ ದಾರಿಯಿರಲಿಲ್ಲ.

ಕಂಟ್ರೋಲ್ ಕೀಲಿ ಹುಟ್ಟಿದ್ದು ತಂತಿಯ ಮೂಲಕ ದೂರಕ್ಕೆ ಬರಹ ಕಳಿಸುವ ಟೆಲಿಪ್ರಿಂಟರುಗಳ ಲೋಕದಲ್ಲಿ. 1963ರಲ್ಲಿ ಬಂದ ಆಸ್ಕಿ ಸಂಕೇತಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇತ್ತು, ಮೊದಲ 32 ಸಂಖ್ಯೆಗಳು ಮಾತ್ರ ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಆದೇಶಗಳು. ಕಂಟ್ರೋಲ್ ಹಿಡಿದು ಅಕ್ಷರವೊಂದನ್ನು ಒತ್ತಿದರೆ ಅದರ ಸಂಖ್ಯೆಯಿಂದ 64 ಕಳೆದು ಉಳಿದದ್ದು ತಂತಿಯ ಮೇಲೆ ಹೋಗುತ್ತಿತ್ತು. ‘ಜಿ’ ಅಕ್ಷರದ ಸಂಖ್ಯೆ 71. 64 ಕಳೆದರೆ 7, ಅಂದರೆ ಆ ಕಡೆಯ ಯಂತ್ರದಲ್ಲಿ ಗಂಟೆ ಬಾರಿಸು. ‘ಎಮ್’ 77, ಉಳಿದದ್ದು 13, ಸಾಲಿನ ಆರಂಭಕ್ಕೆ ಮರಳು. ‘ಸಿ’ 67, ಉಳಿದದ್ದು 3, ಪಠ್ಯ ಮುಗಿಯಿತು. ಈ ಮೂರನೆಯ ಸಂಖ್ಯೆಯನ್ನೇ ಯುನಿಕ್ಸ್ ಮುಂತಾದ ಕಾರ್ಯಾಚರಣ ವ್ಯವಸ್ಥೆಗಳು ‘ಓಡುತ್ತಿರುವ ಕೆಲಸವನ್ನು ನಿಲ್ಲಿಸು’ ಎಂಬ ಅರ್ಥದಲ್ಲಿ ಬಳಸಿದವು. ಅಂದರೆ ಕಂಟ್ರೋಲ್–ಸಿ ಮೊದಲು ಇದ್ದದ್ದು ಶಾರ್ಟ್‌ಕಟ್ ಆಗಿ ಅಲ್ಲ, ಅದೊಂದು ಅಕ್ಷರಸಂಕೇತವಾಗಿಯೇ. ನಕಲು ಮಾಡುವ ಕೆಲಸಕ್ಕೂ ಅದಕ್ಕೂ ಆಗ ಸಂಬಂಧವೇ ಇರಲಿಲ್ಲ.

ಕತ್ತರಿಸಿ ಅಂಟಿಸುವ ಪದ್ಧತಿ 1970ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅಲ್ಲಿ ಜಿಪ್ಸಿ ಎಂಬ ಪಠ್ಯ ಸಂಪಾದಕವನ್ನು ಕಟ್ಟಿದರು. 1980ರಲ್ಲಿ ಆ್ಯಪಲ್ ಸೇರಿದ ಟೆಸ್ಲರ್, 1983ರಲ್ಲಿ ಬಿಡುಗಡೆಯಾದ ಲೀಸಾ ಕಂಪ್ಯೂಟರಿಗಾಗಿ ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿಗಳ ಸಾಲನ್ನು ಆರಿಸಿಕೊಂಡರು. ‘ಸಿ’ ಇಂಗ್ಲಿಷಿನ ಕಾಪಿಯ ಮೊದಲಕ್ಷರ ಹೌದು. ಆದರೆ ಎಕ್ಸ್ ಎಂದರೆ ಕಾಟು ಹಾಕಿದ ಗುರುತು, ವಿ ಎಂದರೆ ಕರಡು ತಿದ್ದುವವರು ಪದ ಸೇರಿಸಲು ಹಾಕುವ ಕೊಕ್ಕೆಯ ತಲೆಕೆಳಗಾದ ರೂಪ, ಝಡ್ ಅವುಗಳ ಪಕ್ಕದಲ್ಲೇ ಇರುವಂಥದ್ದು. ನಾಲ್ಕೂ ಕೆಳಸಾಲಿನಲ್ಲಿ, ಎಡಗೈಗೆ ಎಟಕುವಂತೆ ಇವೆ. ಬಲಗೈ ಮೌಸಿನ ಮೇಲೆಯೇ ಉಳಿಯಬಹುದು. ಇಂದು ಅಕ್ಷರಗಳ ಹೆಸರಿನಿಂದ ಕರೆಯುವ ಈ ಶಾರ್ಟ್‌ಕಟ್‌ಗಳನ್ನು ಆರಿಸಿದ್ದು ಬಹುಪಾಲು ಅವುಗಳ ಜಾಗ ನೋಡಿ. ನನ್ನ ಮಟ್ಟಿಗೆ ಇಡೀ ಗೊಂದಲದ ಬೇರು ಇರುವುದು ಇಲ್ಲೇ.

1984ರ ಮ್ಯಾಕಿಂಟಾಷ್ ಈ ನಾಲ್ಕನ್ನೂ ಹಾಗೆಯೇ ಇಟ್ಟುಕೊಂಡು, ಜೊತೆಗೆ ಹಿಡಿಯಲು ಕಮಾಂಡ್ ಎಂಬ ಪ್ರತ್ಯೇಕ ಕೀಲಿ ಕೊಟ್ಟಿತು. ಮೊದಲು ಅಲ್ಲಿ ಆ್ಯಪಲ್ ಲಾಂಛನವನ್ನೇ ಬಳಸುವ ಯೋಚನೆಯಿತ್ತು. ಪರದೆಯ ತುಂಬ ಲಾಂಛನ ಚೆಲ್ಲಾಡುವುದು ಸ್ಟೀವ್ ಜಾಬ್ಸ್ ಅವರಿಗೆ ಹಿಡಿಸದೆ, ವಿನ್ಯಾಸಕಿ ಸೂಸನ್ ಕೇರ್ ಚಿಹ್ನೆಗಳ ಕೋಶವೊಂದನ್ನು ಹುಡುಕಿ ನಾಲ್ಕು ಮೂಲೆಗಳಲ್ಲೂ ಕುಣಿಕೆಯಿರುವ ಗುರುತನ್ನು ತಂದರು. ಸ್ವೀಡನ್ನಿನ ರಸ್ತೆಗಳಲ್ಲಿ ಅದು ನೋಡತಕ್ಕ ಸ್ಥಳವನ್ನು ಸೂಚಿಸುತ್ತದೆ. ನಮ್ಮ ಅಂಗಳದ ಎಳೆರಂಗೋಲಿಗಳಲ್ಲೂ ಅದರ ಸೋದರರು ಸಿಗುತ್ತಾರೆ. ಆ ಮೊದಲ ಮ್ಯಾಕ್‌ನಲ್ಲಿ ಬಾಣದ ಕೀಲಿಗಳಿರಲಿಲ್ಲ, ಕಂಟ್ರೋಲ್ ಕೂಡ ಇರಲಿಲ್ಲ. ಮುಂದೆ ಕಂಟ್ರೋಲ್ ಬಂದರೂ ಕಮಾಂಡ್ ತನ್ನ ಕೆಲಸವನ್ನು ಬಿಟ್ಟುಕೊಡದ ಕಾರಣ, ಆದೇಶಗಳನ್ನು ಅಕ್ಷರಗಳಲ್ಲೇ ಬರೆದು ಕೊಡುವ ಮ್ಯಾಕ್‌ನ ಟರ್ಮಿನಲ್ಲಿನಲ್ಲಿ ಕಂಟ್ರೋಲ್–ಸಿ ಹಳೆಯ ಅರ್ಥದಲ್ಲಿ ಕೆಲಸ ನಿಲ್ಲಿಸುತ್ತದೆ, ಕಮಾಂಡ್–ಸಿ ನಕಲು ಮಾಡುತ್ತದೆ, ಎರಡಕ್ಕೂ ಜಗಳವಿಲ್ಲ.

1981ರ ಐಬಿಎಂ ಪಿಸಿಯಲ್ಲಿ ಕಮಾಂಡ್ ಇರಲಿಲ್ಲ. ಕಂಟ್ರೋಲ್, ಆಲ್ಟ್ ಇದ್ದವು. 1987ರಲ್ಲಿ ಐಬಿಎಂ ಪ್ರಕಟಿಸಿದ ನಿಯಮಾವಳಿಯ ಪ್ರಕಾರ ನಕಲಿಗೆ ಕಂಟ್ರೋಲ್–ಇನ್ಸರ್ಟ್, ಅಂಟಿಸಲು ಶಿಫ್ಟ್–ಇನ್ಸರ್ಟ್, ಕತ್ತರಿಸಲು ಶಿಫ್ಟ್–ಡಿಲೀಟ್. ಕಿಟಕಿ ಮುಚ್ಚುವ ಆಲ್ಟ್–ಎಫ್4 ಕೂಡ ಅಲ್ಲಿಯದೇ. ಇವುಗಳಲ್ಲಿ ಅಕ್ಷರವೇ ಇಲ್ಲದ್ದರಿಂದ ಯಾವ ಭಾಷೆಯ ಕೀಲಿಮಣೆಗೂ ತೊಂದರೆಯಿಲ್ಲ ಎಂಬುದನ್ನು ಗಮನಿಸಬೇಕು. ಜನಕ್ಕೆ ಅವು ರುಚಿಸಲಿಲ್ಲ. 1990ರ ದಶಕದ ಆರಂಭದಲ್ಲಿ, ವಿಂಡೋಸ್ 3.1ರ ಹೊತ್ತಿಗೆ, ಮೈಕ್ರೋಸಾಫ್ಟ್ ಮ್ಯಾಕ್‌ನ ನಾಲ್ಕು ಅಕ್ಷರಗಳನ್ನೇ ಕಂಟ್ರೋಲ್ ಜೊತೆಗೆ ಕಟ್ಟಿತು. ಹಳೆಯವನ್ನು ತೆಗೆದುಹಾಕಲೂ ಇಲ್ಲ. ಶಿಫ್ಟ್–ಇನ್ಸರ್ಟ್ ಇಂದಿಗೂ ಅಂಟಿಸುತ್ತದೆ. ಲಿನಕ್ಸ್ ಬಳಸುವವರು ಈ ಎರಡು ವಂಶಗಳ ನಡುವೆ ಸಿಕ್ಕಿಕೊಂಡರು: ಕಿಟಕಿಗಳಲ್ಲಿ ಕಂಟ್ರೋಲ್–ಸಿ ನಕಲು, ಟರ್ಮಿನಲ್ಲಿನಲ್ಲಿ ನಿಲ್ಲಿಸು. ಹಾಗಾಗಿ ಟರ್ಮಿನಲ್ಲಿನಲ್ಲಿ ನಕಲು ಮಾಡಲು ಶಿಫ್ಟನ್ನೂ ಸೇರಿಸಿ ಹಿಡಿಯಬೇಕು. ಎರಡು ಗಂಟೆಯಿಂದ ಓಡುತ್ತಿದ್ದ ಕೆಲಸದ ಒಂದು ಸಾಲನ್ನು ನಕಲು ಮಾಡಹೋಗಿ ಆ ಕೆಲಸವನ್ನೇ ಕೊಂದ ಮೇಲೆ ನಾನು ಅದನ್ನು ಮರೆತಿಲ್ಲ.

ಈಗ ‘ಮ’ದ ಪ್ರಶ್ನೆಗೆ ಬರಬಹುದು. ಕೀಲಿಮಣೆ ಕಂಪ್ಯೂಟರಿಗೆ ಅಕ್ಷರವನ್ನು ಕಳಿಸುವುದೇ ಇಲ್ಲ. ಯಾವ ಕೀಲಿ ಕೆಳಗೆ ಹೋಯಿತು, ಯಾವಾಗ ಮೇಲೆ ಬಂತು ಎಂಬ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಇಂಗ್ಲಿಷಿನ ‘ಎ’ ಇರುವ ಕೀಲಿಯನ್ನೇ ತೆಗೆದುಕೊಳ್ಳಿ. ಯುಎಸ್‌ಬಿ ತಂತಿಯಲ್ಲಿ ಅದು 4, ಲಿನಕ್ಸಿನ ಒಡಲಿನಲ್ಲಿ 30, ಅದರ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಎಂಟು ಕೂಡಿ 38, ಮ್ಯಾಕ್‌ನಲ್ಲಿ 0. ಈ ಸಂಖ್ಯೆಗೆ ಅಕ್ಷರ ದಕ್ಕುವುದು ಕಾರ್ಯಾಚರಣ ವ್ಯವಸ್ಥೆಯೊಳಗಿನ ಕೋಷ್ಟಕವೊಂದರ ಮೂಲಕ. ಕೀಲಿಮಣೆ ವಿನ್ಯಾಸ ಎಂದು ನಾವು ಕರೆಯುವುದು ಆ ಕೋಷ್ಟಕವನ್ನೇ.

ವಿಂಡೋಸ್ ಈ ದಾರಿಯ ನಡುವೆ ಒಂದು ನಿಲ್ದಾಣ ಇಟ್ಟಿದೆ. ಸಂಖ್ಯೆ ಮೊದಲು ಒಂದು ಕಲ್ಪಿತ ಕೀಲಿಯ ಹೆಸರಾಗುತ್ತದೆ, ಆ ಹೆಸರು ಆಮೇಲೆ ಅಕ್ಷರವಾಗುತ್ತದೆ. ಶಾರ್ಟ್‌ಕಟ್‌ಗಳು ನೋಡುವುದು ನಡುವಿನ ಹೆಸರನ್ನು. ಫ್ರೆಂಚರ ವಿನ್ಯಾಸದಲ್ಲಿ ‘ಝಡ್’ ಮೇಲಿನ ಸಾಲಿಗೆ ಹೋದಾಗ ಆ ಹೆಸರೂ ಜೊತೆಗೆ ಹೋಗುತ್ತದೆ. ಕನ್ನಡದ ಇನ್‌ಸ್ಕ್ರಿಪ್ಟಿನಲ್ಲಾದರೋ ‘ಮ’ ಮೂಡಿಸುವ ಕೀಲಿಯ ಕಲ್ಪಿತ ಹೆಸರು ‘ಸಿ’ ಎಂದೇ ಉಳಿಯುತ್ತದೆ. ಆದ್ದರಿಂದ ನಕಲು ಸರಾಗವಾಗಿ ಆಗುತ್ತದೆ. ಮ್ಯಾಕ್‌ನ ಉಪಾಯ ಬೇರೆ: ಅಲ್ಲಿ ಪ್ರತಿ ವಿನ್ಯಾಸದಲ್ಲೂ ಶಿಫ್ಟಿಗೊಂದು, ಆಪ್ಷನ್ನಿಗೊಂದು ಇರುವಂತೆ ಕಮಾಂಡ್ ಹಿಡಿದ ಸ್ಥಿತಿಗೂ ಒಂದು ಕೋಷ್ಟಕ ಇರಬಹುದು. ಕನ್ನಡ ವಿನ್ಯಾಸದಲ್ಲಿ ಕಮಾಂಡ್ ಒತ್ತಿದೊಡನೆ ಇಡೀ ಮಣೆ ಆ ಕ್ಷಣಕ್ಕೆ ಇಂಗ್ಲಿಷಾಗುತ್ತದೆ, ಕೈಬಿಟ್ಟರೆ ಮತ್ತೆ ಕನ್ನಡ. ಇದೇ ಸೌಕರ್ಯವನ್ನು ಬಳಸಿ, ಇಂಗ್ಲಿಷ್ ಅಕ್ಷರಗಳನ್ನೇ ಬೇರೆ ಜಾಗಗಳಲ್ಲಿ ಜೋಡಿಸಿದ ಡ್ವೊರಾಕ್ ವಿನ್ಯಾಸದವರಿಗಾಗಿ, ಕಮಾಂಡ್ ಹಿಡಿದಾಗ ಮಾತ್ರ ಎಂದಿನ ಕ್ವರ್ಟಿ ಆಗುವ ವಿನ್ಯಾಸವೊಂದನ್ನೂ ಆ್ಯಪಲ್ ಕೊಟ್ಟಿದೆ. ಶಾರ್ಟ್‌ಕಟ್ ಇರುವುದು ಜಾಗದಲ್ಲಿ, ಅಕ್ಷರದಲ್ಲಲ್ಲ ಎಂದು ಒಪ್ಪಿಕೊಂಡದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಇಂಥ ನಿಲ್ದಾಣ ಇಟ್ಟುಕೊಳ್ಳಲಿಲ್ಲ. ಕೀಲಿಯ ಸಂಖ್ಯೆ ನೇರವಾಗಿ ಅಕ್ಷರದ ಸಂಕೇತವಾಗುತ್ತದೆ, ತಂತ್ರಾಂಶಕ್ಕೆ ತಲುಪುವುದು ‘ಕಂಟ್ರೋಲ್ ಮತ್ತು ಮ’ ಎಂದೇ. ಅದನ್ನು ಬಿಡಿಸಿಕೊಳ್ಳುವುದು ಆಯಾ ತಂತ್ರಾಂಶದ ಪಾಡು. ತಂತ್ರಾಂಶ ಕಟ್ಟಲು ಬಳಸುವ ಜಿಟಿಕೆ, ಕ್ಯೂಟಿ ಮುಂತಾದ ಸಲಕರಣೆಗಳು, ಅದೇ ಕೀಲಿಗೆ ಬಳಕೆದಾರರ ಇನ್ನೊಂದು ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರ ಇದೆಯೇ ಎಂದು ಹುಡುಕಿ ‘ಸಿ’ಯನ್ನು ಕಂಡುಕೊಳ್ಳುತ್ತವೆ. ಹಾಗೆ ಹುಡುಕದ ತಂತ್ರಾಂಶಗಳಲ್ಲಿ ಏನೂ ಆಗುವುದಿಲ್ಲ.

ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಬರೆಯುವ ಬಹುಪಾಲು ಕನ್ನಡಿಗರಿಗೆ ಈ ತೊಂದರೆ ಅಷ್ಟಾಗಿ ತಟ್ಟಿಲ್ಲ, ಅದರ ಕಾರಣವೂ ಸ್ವಾರಸ್ಯಕರ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸಿಗೆ ಒಂದು ಕೀಲಿ, ಶಿಫ್ಟ್ ಹಿಡಿದರೆ ಅದೇ ಕೀಲಿಯಲ್ಲಿ ‘ಇ’. ಹಿಂದೆ ಏನು ಬಂದಿತ್ತು ಎಂಬುದು ಕೋಷ್ಟಕಕ್ಕೆ ಬೇಕಿಲ್ಲ. ‘ಕನ್ನಡ’ ಎಂದು ಬರೆಯಲು ಅಲ್ಲಿ ಕೆ, ವಿ, ಡಿ, ವಿ, ಚೌಕ ಆವರಣ ಎಂಬ ಐದು ಕೀಲಿಗಳು. ರಾವ್ ಅವರ ವಿನ್ಯಾಸದಲ್ಲೂ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯು. ಆದರೆ ಅಲ್ಲಿ ‘ಐ’ ಕೀಲಿ ಪದದ ಆರಂಭದಲ್ಲಿ ‘ಇ’ ಆಗಬೇಕು, ವ್ಯಂಜನದ ಬೆನ್ನಿಗೆ ಬಂದರೆ ಗುಡಿಸಾಗಬೇಕು. ಹಿಂತಿರುಗಿ ನೋಡುವ ಈ ಜಾಣತನ ಬರೀ ಕೋಷ್ಟಕಕ್ಕೆ ಇಲ್ಲ. ರಾವ್ ವಿನ್ಯಾಸದ್ದೇ ರೂಪವಾಗಿ ಲಿನಕ್ಸಿನ ಕೋಷ್ಟಕಗಳಲ್ಲಿರುವ ‘ಕಗಪ’ದಲ್ಲಿ ‘ಇ’ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿಯಬೇಕಾಗಿರುವುದು ಅದಕ್ಕೇ. ಹಾಗಾಗಿ ಈ ವಿನ್ಯಾಸವನ್ನು ಅಳವಡಿಸಿಕೊಂಡ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವಾಗಲಿ, ಲಿನಕ್ಸಿನಲ್ಲಿ ಅಂಥದೇ ಕೆಲಸದ ಐಬಸ್ ಆಗಲಿ, ಇಂಗ್ಲಿಷ್ ವಿನ್ಯಾಸದ ಮೇಲೆ ಕುಳಿತು ಕೀಲಿಗಳನ್ನು ನಡುದಾರಿಯಲ್ಲಿ ಹಿಡಿದು ಕನ್ನಡವಾಗಿಸುತ್ತವೆ. ಕಂಟ್ರೋಲ್ ಜೊತೆಗಿದ್ದರೆ ಮುಟ್ಟದೆ ಬಿಟ್ಟುಬಿಡುತ್ತವೆ. ಅಡಿಯಲ್ಲಿ ಇಂಗ್ಲಿಷ್ ಇರುವುದರಿಂದ ‘ಸಿ’ ಯಾವಾಗಲೂ ‘ಸಿ’ಯೇ. ಭಾರತ ಸರ್ಕಾರದ ಮಾನಕವನ್ನು ನೇಮದಿಂದ ಅನುಸರಿಸಿ ಕಲಿತವರಿಗೇ ಅಡಚಣೆ, ಮೇಲಿಂದ ಹೊದಿಸಿದ ತಂತ್ರಾಂಶದವರು ಕ್ಷೇಮ.

ಕನ್ನಡ–ಇಂಗ್ಲಿಷ್ ನಡುವೆ ದಾಟುವುದಕ್ಕೂ ಒಂದು ಶಾರ್ಟ್‌ಕಟ್ ಬೇಕಷ್ಟೆ. ನುಡಿಯವರು ಆರಿಸಿದ್ದು ಸ್ಕ್ರಾಲ್ ಲಾಕ್ ಕೀಲಿಯನ್ನು. 1981ರಿಂದಲೂ ಪಿಸಿಯ ಮೇಲೆ ಇದ್ದು ಯಾರಿಗೂ ಹೆಚ್ಚು ಬೇಡವಾಗಿದ್ದ ಅದನ್ನು ಕೇಳುವ ಬೇರೆ ತಂತ್ರಾಂಶಗಳು ವಿರಳವಾಗಿದ್ದವು. ಯಾರಿಗೂ ಬೇಡದ್ದೆಂದೇ ಲ್ಯಾಪ್‌ಟಾಪ್‌ಗಳು ಅದನ್ನು ಕೈಬಿಟ್ಟವು. ಮ್ಯಾಕ್‌ನಲ್ಲಿ ಹಿಂದೆ ಭಾಷೆ ಬದಲಿಸುತ್ತಿದ್ದ ಕಮಾಂಡ್–ಸ್ಪೇಸ್ ಜೋಡಿಯನ್ನು 2005ರಲ್ಲಿ ಹುಡುಕಾಟದ ಸ್ಪಾಟ್‌ಲೈಟ್ ತನ್ನದಾಗಿಸಿಕೊಂಡಿತು. ಈಗ ಅಲ್ಲಿ ಕಂಟ್ರೋಲ್–ಸ್ಪೇಸ್. ವಿಂಡೋಸಿನಲ್ಲೂ ಲಿನಕ್ಸಿನ ಗ್ನೋಮ್ ಪರಿಸರದಲ್ಲೂ ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಪಟ್ಟಿಯ ಮುಂದಿನ ವಿನ್ಯಾಸ ಬರುತ್ತದೆ. ಪದೇ ಪದೇ ಬದಲಿಸುವ ಗೋಜೇ ಬೇಡವೆಂದು ಲಿನಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಒಂದನ್ನೇ ಇಟ್ಟು ಇಂಗ್ಲಿಷನ್ನು ಪಟ್ಟಿಯಿಂದ ತೆಗೆಯಲು ಯಾರಾದರೂ ಹೊರಟರೆ ನಾನು ತಡೆಯುತ್ತೇನೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಇಲ್ಲದಿದ್ದರೆ ಕಂಟ್ರೋಲ್–ಮ ಬಂದಾಗ ‘ಸಿ’ಯನ್ನು ಹುಡುಕಲು ಎಷ್ಟೋ ತಂತ್ರಾಂಶಗಳಿಗೆ ಇನ್ನೊಂದು ವಿನ್ಯಾಸವೇ ಉಳಿದಿರುವುದಿಲ್ಲ.