ಕೊಲೆ ಕೇಸಿಗೆ ನಾವೂ ಜ್ಯೂರಿ ಆಗಬಹುದಾ?

ಪ್ರಶ್ನೆ: ಸಾರ್, ಅಮೆರಿಕದಲ್ಲಿರುವ ನಮ್ಮ ಅಳಿಯನಿಗೆ ಜ್ಯೂರಿಗೆ ಬನ್ನಿ ಅಂತ ಕೋರ್ಟಿನಿಂದ ಕಾಗದ ಬಂದಿದೆ. ನಾನು ರಿಟೈರ್ ಆಗಿ ಸರಸ್ವತಿಪುರಂನಲ್ಲಿ ಸುಮ್ಮನೆ ಕೂತಿದ್ದೇನೆ. ನಮ್ಮ ಮೈಸೂರು ಕೋರ್ಟಿನಲ್ಲೂ ಹಾಗೆ ಕೊಲೆ ಕೇಸಿಗೆ ಕೂರಬಹುದಾ? ಅರ್ಜಿ ಎಲ್ಲಿ ಹಾಕಬೇಕು?

ಅರ್ಜಿ ಇಲ್ಲ ಸ್ವಾಮಿ, ಜ್ಯೂರಿಯೂ (ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಹೇಳಲು ಕೂರಿಸುವ ಸಾಮಾನ್ಯ ಜನರ ತಂಡ) ಇಲ್ಲ. ಮೈಸೂರು, ಮಂಡ್ಯ ಅಂತಲ್ಲ, ದೇಶದ ಯಾವ ಕ್ರಿಮಿನಲ್ ಕೋರ್ಟಿನಲ್ಲೂ ಇಲ್ಲ. ಸಾಕ್ಷಿ ಕೇಳೋದು, ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ತೀರ್ಮಾನಿಸೋದು, ಶಿಕ್ಷೆ ಹೇಳೋದು ಎಲ್ಲ ಸೆಷನ್ಸ್ ನ್ಯಾಯಾಧೀಶರೇ. ನಿಮ್ಮ ಅಳಿಯಂದಿರು ಅಲ್ಲಿನ ಪ್ರಜೆಯಾಗಿದ್ದರೆ ಹೋಗಲಿ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿದ್ದರೆ ಅದೇ ಫಾರಂನಲ್ಲಿ ಪ್ರಜೆಯಲ್ಲ ಅಂತ ತುಂಬಿ ವಾಪಸ್ ಕಳಿಸಲಿ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ ಅಂತ ಹೇಳಿ.

ಉತ್ತರ ಇಷ್ಟೇ. ಆದರೆ 31 ವರ್ಷ ಕೋರ್ಟ್ ಕಚೇರಿಯಲ್ಲಿ ಕಡತ ಎತ್ತಿಟ್ಟವನು ನಾನು, ಈ ಮಾತು ಇಲ್ಲಿಗೆ ನಿಲ್ಲಲ್ಲ ಅಂತ ನನಗೆ ಗೊತ್ತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಯಾರಿಗೆ ಹೇಳಿದರೂ ಮರುಮಾತು ಒಂದೇ: "ಓ, ಆ ನಾನಾವತಿ ಕೇಸಿನಿಂದ ತೆಗೆದುಬಿಟ್ರಲ್ಲ! ಅದೇ ಕೊನೇ ಜ್ಯೂರಿ ಕೇಸು." ಸಿನಿಮಾ ಬಂದ ಮೇಲಂತೂ ಹೇಳೋದೇ ಬೇಡ. ನಿಲ್ಲಿಸಿ ತಿದ್ದಿ ತಿದ್ದಿ ನನಗೆ ವಾಕಿಂಗೇ ಆಗುತ್ತಿಲ್ಲ. ಆದ್ದರಿಂದ ಬರೆದೇ ಇಡುತ್ತೇನೆ.

ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಗೆಳೆಯನಿಗೆ ಗುಂಡು ಹೊಡೆದದ್ದು 1959ರ ಏಪ್ರಿಲ್ 27ರಂದು, ಬೊಂಬಾಯಿಯಲ್ಲಿ. ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಮಂದಿ ನಿರಪರಾಧಿ ಅಂದರು, ಒಬ್ಬರು ಮಾತ್ರ ಅಲ್ಲ ಅಂದರು. ಅಲ್ಲಿಗೆ ಕೇಸು ಮುಗಿಯಲಿಲ್ಲ. ಜ್ಯೂರಿಯ ತೀರ್ಪು ಸರಿಯಿಲ್ಲ ಅನ್ನಿಸಿದರೆ ಹೈಕೋರ್ಟಿಗೆ ಕಳಿಸುವ ಅಧಿಕಾರ 1898ರ ದಂಡ ಪ್ರಕ್ರಿಯಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಕಾನೂನು) 307ನೇ ಸೆಕ್ಷನ್ನಿನಲ್ಲೇ ಸೆಷನ್ಸ್ ನ್ಯಾಯಾಧೀಶರಿಗಿತ್ತು. ಅವರು ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು, 1961ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತರು ಕ್ಷಮಾದಾನ ಕೊಟ್ಟು ಬಿಡಿಸಿದರು.

ಈಗ ಇಸವಿ ಜೋಡಿಸಿ ನೋಡಿ. ಜ್ಯೂರಿ ಪದ್ಧತಿ ತೆಗೆಯಿರಿ ಅಂತ ಎಂ.ಸಿ. ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಬರೆದದ್ದು 1958ರಲ್ಲಿ. ಗುಂಡು ಹಾರುವ ಹಿಂದಿನ ವರ್ಷ! ಮಗು ಹುಟ್ಟುವ ಮೊದಲೇ ನಾಮಕರಣಕ್ಕೆ ಬಂದು ಗಲಾಟೆ ಮಾಡಿತು ಅಂದ ಹಾಗಾಯಿತು. ಇನ್ನು "ಕೊನೇ ಕೇಸು" ಅನ್ನೋದು. ಪಶ್ಚಿಮ ಬಂಗಾಳದಲ್ಲಿ ನಾನಾವತಿ ಕೇಸಿನ ಎಷ್ಟೋ ವರ್ಷದ ನಂತರವೂ ಜ್ಯೂರಿಗಳು ಕೂತಿದ್ದವು. ಪೂರ್ತಿ ಬಾಗಿಲು ಹಾಕಿದ್ದು 1973ರ ಸಂಹಿತೆ. ಅದು ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು. ಅದರ ಜಾಗಕ್ಕೆ ಬಂದು 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯೂ ಆ ಬಾಗಿಲು ತೆಗೆದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಬ್ರಿಟಿಷರ ಕಾಲದಲ್ಲೂ ಜ್ಯೂರಿ ಎಲ್ಲ ಊರಿಗೂ ಇರಲಿಲ್ಲ. ಯಾವ ಜಿಲ್ಲೆಗೆ, ಯಾವ ಅಪರಾಧಕ್ಕೆ ಅಂತ ಸರ್ಕಾರ ಆದೇಶ ಮಾಡಿದ ಕಡೆ ಮಾತ್ರ. ಉಳಿದ ಕಡೆ ಸೆಷನ್ಸ್ ನ್ಯಾಯಾಧೀಶರ ಪಕ್ಕದಲ್ಲಿ ಅಸೆಸರುಗಳು ಅಂತ ಊರ ದೊಡ್ಡಮನುಷ್ಯರನ್ನು ಕೂರಿಸುತ್ತಿದ್ದರು. ಅವರು ಅಭಿಪ್ರಾಯ ಹೇಳಬಹುದಿತ್ತು, ನ್ಯಾಯಾಧೀಶರು ಅದನ್ನು ಪಕ್ಕಕ್ಕಿಟ್ಟು ತಮಗೆ ಸರಿ ಕಂಡದ್ದನ್ನು ಬರೆಯಬಹುದಿತ್ತು. ಮದುವೆ ಮಾತುಕತೆಗೆ ಕರೆದ ದೂರದ ಚಿಕ್ಕಪ್ಪನ ಥರ. 1955ರಲ್ಲಿ ಅವರನ್ನೂ ಮನೆಗೆ ಕಳಿಸಿದರು. ಜ್ಯೂರಿಯ ಜಾತಿಗೆ ಸೇರಿದ್ದು ಈಗ ಉಳಿದಿರೋದು ಪಾರ್ಸಿಗಳ ವಿಚ್ಛೇದನದ ಕೇಸಿನಲ್ಲಿ ಐದು ಜನ ಪ್ರತಿನಿಧಿಗಳು ಕೂರುತ್ತಾರಲ್ಲ, ಅಷ್ಟೇ.

ಹೇಳುತ್ತಿರುವಾಗಲೇ ಹೇಳಿಬಿಡುತ್ತೇನೆ: ನಮ್ಮ ಜಡ್ಜುಗಳು ಸುತ್ತಿಗೆ ಕುಟ್ಟಿ "ಆರ್ಡರ್ ಆರ್ಡರ್" ಅನ್ನಲ್ಲ. ಸಾಕ್ಷಿ ಗೀತೆ ಮುಟ್ಟಿ ಪ್ರಮಾಣ ಮಾಡಲ್ಲ. ಚಾಮರಾಜಪುರಂ ಕೋರ್ಟಿಗೆ ಬಂದು ಒಂದು ದಿನ ಹಿಂದಿನ ಬೆಂಚಲ್ಲಿ ಕೂತು ನೋಡಿ, ಬಾಗಿಲು ತೆರೆದೇ ಇರುತ್ತೆ.

ನೀವು ಕೇಳಲಿಲ್ಲ, ಆದರೂ ಕೇಳಬೇಕಾಗಿದ್ದ ಪ್ರಶ್ನೆ ಇದು: ಹಾಗಾದರೆ ನಮ್ಮಂಥವರನ್ನು ಕೊಲೆ ಕೇಸಿಗೆ ಯಾವಾಗ ಕರೀತಾರೆ? ಮಹಜರಿಗೆ, ಅಂದರೆ ಪೊಲೀಸರು ಕಂಡದ್ದನ್ನು, ಸಿಕ್ಕಿದ್ದನ್ನು ಬರೆದು ಸಾಕ್ಷಿಗಳ ಸಹಿ ಹಾಕಿಸುವ ಪತ್ರಕ್ಕೆ! ಪೊಲೀಸರು ಮನೆ ಶೋಧಿಸುವಾಗ ಆ ಬಡಾವಣೆಯ ಇಬ್ಬರು ಅಥವಾ ಹೆಚ್ಚು ಮರ್ಯಾದಸ್ಥರು ಪಂಚರಾಗಿ, ಅಂದರೆ ಶೋಧದ ಸಾಕ್ಷಿಗಳಾಗಿ, ಇರಬೇಕು ಅನ್ನುತ್ತೆ ಕಾನೂನು. ಲಿಖಿತ ಆದೇಶ ಕೊಟ್ಟ ಮೇಲೂ ಸರಿಯಾದ ಕಾರಣವಿಲ್ಲದೆ ಬರಲ್ಲ ಅಂದರೆ ಅದೇ ಅಪರಾಧ. ನಡೆಯೋದೇನು? ಟೀ ಅಂಗಡಿಯವನನ್ನೋ ಆಟೋದವನನ್ನೋ ಕರೆದು "ಇಲ್ಲೊಂದು ಸೈನ್ ಹಾಕಪ್ಪ" ಅಂತಾರೆ, ಅವನು ಹಾಕಿ ಹೋಗ್ತಾನೆ. ನಾಲ್ಕು ವರ್ಷ ಕಳೆದು ಸಮನ್ಸ್ ಬರುತ್ತೆ. ಕಟಕಟೆಯಲ್ಲಿ ನಿಂತು "ಸಹಿ ನಂದೇ ಸ್ವಾಮಿ, ಏನು ಬರೆದಿತ್ತೋ ಗೊತ್ತಿಲ್ಲ" ಅಂತಾನೆ. ಸರ್ಕಾರಿ ವಕೀಲರು ಎದ್ದು ಇವನನ್ನು ಪ್ರತಿಕೂಲ ಸಾಕ್ಷಿ (ಕರೆದವರಿಗೇ ತಿರುಗಿಬಿದ್ದ ಸಾಕ್ಷಿ) ಅಂತ ಪರಿಗಣಿಸಲು ಕೇಳುತ್ತಾರೆ, ಕೊಲೆಗೆ ಬಳಸಿದ ಕೊಡಲಿ ಸಿಕ್ಕಿದ್ದು ಎಲ್ಲಿ ಅನ್ನೋದೇ ತೂಗಾಡತೊಡಗುತ್ತೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಹೊಸ ಸಂಹಿತೆಯಲ್ಲಿ ಶೋಧ ಮತ್ತು ಜಪ್ತಿಯ ವಿಡಿಯೋ ಮಾಡಲೇಬೇಕು ಅಂತ ಹಾಕಿದ್ದಾರೆ, ಒಳ್ಳೆಯದಾಯಿತು.

ನಿಮ್ಮನ್ನು ಕರೆದರೆ ಕನ್ನಡಕ ತಗೊಂಡೇ ಹೋಗಿ. ಪೂರ್ತಿ ಓದಿ, ಕಣ್ಣಾರೆ ಕಂಡದ್ದು ಅದರಲ್ಲಿದ್ದರೆ ಮಾತ್ರ ಸಹಿ ಮಾಡಿ, ಖಾಲಿ ಹಾಳೆ ಕೊಟ್ಟರೆ ಬೇಡ ಅನ್ನಿ. ದಿನಾಂಕ, ಹೊತ್ತು, ಯಾರ ಮನೆ ಅಂತ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸಮನ್ಸ್ ಬಂದ ದಿನ ಸಾಕ್ಷಿ ಭತ್ಯೆ ಕೇಳೋದನ್ನು ಮರೆಯಬೇಡಿ. ಬಸ್ ಚಾರ್ಜಾದರೂ ಹುಟ್ಟುತ್ತೆ.